ಕರ್ನಾಟಕದ ಸಚಿವ ಸಂಪುಟ: ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಫಲಿತಾಂಶದ ಮರುದಿನದಿಂದಲೇ ಈ ಪ್ರಶ್ನೆಗಳು ಶುರುವಾಗುತ್ತವೆ. ಸಂಪುಟದ ಬಗ್ಗೆ ಸಂವಿಧಾನ ಹೇಳುವುದು ಬಹಳ ಕಡಿಮೆ: ಮುಖ್ಯವಾಗಿ 163 ಮತ್ತು 164ನೇ ವಿಧಿಗಳು, ಇಲಾಖೆ ಹಂಚಿಕೆಗೆ 166. ಉಳಿದದ್ದೆಲ್ಲ ವಾಡಿಕೆ ಮತ್ತು ಪಕ್ಷದೊಳಗಿನ ಲೆಕ್ಕಾಚಾರ. ಟಿ.ವಿ. ಚರ್ಚೆಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ಹಾಗಾಗಿ ಯಾವುದು ಕಾನೂನು, ಯಾವುದು ಬರೀ ರೂಢಿ ಎಂದು ಬಿಡಿಸಿ ಹೇಳಲು ಇಲ್ಲಿ ಪ್ರಯತ್ನಿಸಿದ್ದೇವೆ.

ಮುಖ್ಯಮಂತ್ರಿಯನ್ನು ಆರಿಸುವವರು ಯಾರು? ಶಾಸಕರೋ, ರಾಜ್ಯಪಾಲರೋ, ಹೈಕಮಾಂಡೋ?

ಕಾಗದದ ಮೇಲೆ ರಾಜ್ಯಪಾಲರು. 164ನೇ ವಿಧಿಯ ಪ್ರಕಾರ ಮುಖ್ಯಮಂತ್ರಿಯನ್ನು ನೇಮಿಸುವವರು ಅವರೇ. ಆದರೆ ವಿಧಾನಸಭೆಯ ವಿಶ್ವಾಸ ಇಲ್ಲದವರು ಆ ಕುರ್ಚಿಯಲ್ಲಿ ಉಳಿಯಲಾರರು. ಆದ್ದರಿಂದ ಒಂದು ಪಕ್ಷಕ್ಕೆ ಸ್ಪಷ್ಟ ಬಹುಮತ ಬಂದಾಗ ಆ ಪಕ್ಷದ ಶಾಸಕಾಂಗ ನಾಯಕನನ್ನು ಕರೆಯುವುದು ಬಿಟ್ಟು ರಾಜ್ಯಪಾಲರಿಗೆ ಬೇರೆ ದಾರಿ ಇಲ್ಲ.

ಶಾಸಕಾಂಗ ನಾಯಕನನ್ನು ಶಾಸಕರು ಆರಿಸಬೇಕು. ರಾಷ್ಟ್ರೀಯ ಪಕ್ಷಗಳಲ್ಲಿ ನಡೆಯುವುದೇ ಬೇರೆ. ದೆಹಲಿಯಿಂದ ವೀಕ್ಷಕರು ಬರುತ್ತಾರೆ, ಶಾಸಕರ ಅಭಿಪ್ರಾಯ ಕೇಳುತ್ತಾರೆ, ಕೊನೆಗೆ 'ನಾಯಕನ ಆಯ್ಕೆಯನ್ನು ವರಿಷ್ಠರಿಗೆ ಬಿಡಲಾಗಿದೆ' ಎಂಬ ಒಂದು ಸಾಲಿನ ನಿರ್ಣಯ ಹೊರಬೀಳುತ್ತದೆ. 2023ರಲ್ಲಿ ಫಲಿತಾಂಶ ಬಂದದ್ದು ಮೇ 13ಕ್ಕೆ. ಕಾಂಗ್ರೆಸ್ ಶಾಸಕಾಂಗ ಪಕ್ಷ ಮರುದಿನವೇ ಬೆಂಗಳೂರಿನಲ್ಲಿ ಸೇರಿತು. ಸಿದ್ದರಾಮಯ್ಯ ಮುಖ್ಯಮಂತ್ರಿ, ಡಿ.ಕೆ. ಶಿವಕುಮಾರ್ ಉಪಮುಖ್ಯಮಂತ್ರಿ ಎಂಬ ಘೋಷಣೆ ಮಾತ್ರ ದೆಹಲಿಯಿಂದ ಬಂತು, ಅದೂ 18ನೇ ತಾರೀಕು. ನಡುವಿನ ದಿನಗಳಲ್ಲಿ ನಡೆದ ಮಾತುಕತೆಗೆ ಸಂವಿಧಾನದಲ್ಲಿ ಯಾವ ವಿಧಿಯೂ ಇಲ್ಲ.

ಯಾರಿಗೂ ಬಹುಮತ ಬಾರದಿದ್ದರೆ?

ಆಗ ರಾಜ್ಯಪಾಲರ ವಿವೇಚನೆಗೆ ನಿಜವಾದ ಅರ್ಥ ಬರುತ್ತದೆ, ವಿವಾದವೂ ಅಲ್ಲಿಂದಲೇ ಹುಟ್ಟುತ್ತದೆ. 2018ರ ಮೇ ತಿಂಗಳಲ್ಲಿ 104 ಸ್ಥಾನ ಗೆದ್ದ ಬಿಜೆಪಿ ಅತಿದೊಡ್ಡ ಪಕ್ಷವಾಗಿತ್ತು. ಆದರೆ ಕಾಂಗ್ರೆಸ್ ಮತ್ತು ಜೆಡಿಎಸ್ ಒಟ್ಟಾಗಿ ಬಹುಮತ ತಮ್ಮ ಬಳಿ ಇದೆ ಎಂದವು. ರಾಜ್ಯಪಾಲ ವಜುಭಾಯಿ ವಾಲಾ ಅವರು ಬಿ.ಎಸ್. ಯಡಿಯೂರಪ್ಪ ಅವರನ್ನು ಕರೆದು, ಬಹುಮತ ಸಾಬೀತಿಗೆ 15 ದಿನ ಕೊಟ್ಟರು. ರಾತ್ರೋರಾತ್ರಿ ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟ್ ಪ್ರಮಾಣವಚನವನ್ನು ತಡೆಯಲಿಲ್ಲ. ಮರುದಿನದ ವಿಚಾರಣೆಯಲ್ಲಿ ಮಾತ್ರ ಮೇ 19ಕ್ಕೇ ವಿಶ್ವಾಸಮತ ಆಗಬೇಕು ಎಂದಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಮೇ 23ಕ್ಕೆ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು.

ಕರ್ನಾಟಕದಲ್ಲಿ ಎಷ್ಟು ಮಂದಿ ಮಂತ್ರಿಗಳಾಗಬಹುದು?

ಮುಖ್ಯಮಂತ್ರಿಯೂ ಸೇರಿ 34.

ಈ ಮಿತಿ ಬಂದದ್ದು ಸಂವಿಧಾನದ 91ನೇ ತಿದ್ದುಪಡಿಯಿಂದ. 2003ರ ಕಾಯ್ದೆ ಅದು. ಮಂತ್ರಿಗಳ ಒಟ್ಟು ಸಂಖ್ಯೆ ವಿಧಾನಸಭೆಯ ಸದಸ್ಯಬಲದ ಶೇ. 15 ಮೀರಬಾರದು, 12ಕ್ಕಿಂತ ಕಡಿಮೆಯೂ ಆಗಬಾರದು ಎಂದು ಅದು ಹೇಳಿತು. ಅದಕ್ಕೆ ಮೊದಲು ಲಗಾಮೇ ಇರಲಿಲ್ಲ. 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರದಲ್ಲಿ 93 ಮಂತ್ರಿಗಳಿದ್ದರು. ಬೆಂಬಲ ಕೊಟ್ಟ ಪ್ರತಿಯೊಬ್ಬರಿಗೂ ಗೂಟದ ಕಾರು ಎನ್ನುವ ಕಾಲ ಅದು. ಈಗ ಅದೇ ರಾಜ್ಯದ 403 ಸದಸ್ಯರ ಸಭೆಗೆ ಮಿತಿ 60. ಕೇರಳಕ್ಕೆ 21. ಗೋವಾದಲ್ಲಿ 40 ಶಾಸಕರಿಗೆ ಶೇ. 15 ಎಂದರೆ ಆರೇ ಮಂದಿ ಆಗಬೇಕಿತ್ತು, ಆದರೆ ಕನಿಷ್ಠ 12ರ ನಿಯಮದಿಂದಾಗಿ ಅಲ್ಲಿ ಪ್ರತಿ ಮೂರ್ನಾಲ್ಕು ಶಾಸಕರಿಗೆ ಒಬ್ಬರು ಮಂತ್ರಿ!

ವಿಧಾನ ಪರಿಷತ್ತಿನ 75 ಸದಸ್ಯರನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಅಲ್ಲಿಂದ ಮಂತ್ರಿಯಾಗಲು ಅಡ್ಡಿಯೇನೂ ಇಲ್ಲ, ಆದರೆ ಅವರೂ ಇದೇ 34ರೊಳಗೆ ಬರಬೇಕು.

ವಿಧಾನಸಭೆಯ 224 ಸದಸ್ಯರ ಶೇ. 15 ಎಂದರೆ 33.6. ಮೀರಬಾರದು ಎಂದಮೇಲೆ 33 ಆಗಬೇಕಲ್ಲವೇ?

ಒಳ್ಳೆಯ ಪ್ರಶ್ನೆ. ಕಟ್ಟುನಿಟ್ಟಾಗಿ ಓದಿದರೆ ಹಾಗೇ ಅನಿಸುತ್ತದೆ. ಮೊದಲು ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬರು ನಾಮನಿರ್ದೇಶಿತ ಸದಸ್ಯರು ಇದ್ದರು, ಸಭೆಯ ಬಲ 225 ಆಗಿತ್ತು. ಆಗಲೂ ಬರುತ್ತಿದ್ದದ್ದು 33.75. 2020ರ ಜನವರಿಯಲ್ಲಿ ಆ ನಾಮನಿರ್ದೇಶನ ನಿಂತಮೇಲೆ 33.6. ಎರಡೂ ಕಾಲದಲ್ಲಿ ಭಿನ್ನಾಂಶವನ್ನು ಮೇಲಕ್ಕೆ ಏರಿಸಿ 34 ಎಂದೇ ಹಿಡಿಯಲಾಗಿದೆ. 2023ರ ಮೇ 27ರಂದು 24 ಮಂದಿ ರಾಜಭವನದಲ್ಲಿ ಪ್ರಮಾಣ ಸ್ವೀಕರಿಸಿದಾಗ ಸಂಪುಟ ಸರಿಯಾಗಿ 34ಕ್ಕೆ ತುಂಬಿತು. ಹರಿಯಾಣದಲ್ಲಿ 90ರ ಶೇ. 15 ಎಂದರೆ 13.5. ಅಲ್ಲಿ 14 ಮಂದಿಯನ್ನು ಮಂತ್ರಿ ಮಾಡಿದ್ದು ಹೈಕೋರ್ಟ್ ಮೆಟ್ಟಿಲೇರಿತ್ತು. ಇನ್ನೊಬ್ಬರಿಗೆ ಜಾಗ ಸಿಗುವಾಗ ಯಾವ ಪಕ್ಷವೂ ಲೆಕ್ಕವನ್ನು ಕೆಳಕ್ಕೆ ಇಳಿಸುವುದಿಲ್ಲ ಎಂಬುದು ನಮ್ಮ ಅನಿಸಿಕೆ.

ಚುನಾವಣೆಯಲ್ಲಿ ಸೋತವರು, ನಿಲ್ಲದೇ ಇದ್ದವರು ಮಂತ್ರಿಯಾಗಬಹುದೇ?

ಆಗಬಹುದು, ಆದರೆ ಆರು ತಿಂಗಳ ಗಡುವು. ಅಷ್ಟರೊಳಗೆ ವಿಧಾನಸಭೆಗೋ ಪರಿಷತ್ತಿಗೋ ಬರದಿದ್ದರೆ ಸ್ಥಾನ ಹೋಗುತ್ತದೆ. 2018ರಲ್ಲಿ ಅಥಣಿಯಲ್ಲಿ ಸೋತಿದ್ದ ಲಕ್ಷ್ಮಣ ಸವದಿ 2019ರ ಆಗಸ್ಟ್‌ನಲ್ಲಿ ಮಂತ್ರಿಯಾದರು, ಜತೆಗೆ ಉಪಮುಖ್ಯಮಂತ್ರಿಯೂ ಆದರು. ಗಡುವು ಮುಗಿಯುವ ಹೊತ್ತಿಗೆ, 2020ರ ಫೆಬ್ರುವರಿಯಲ್ಲಿ, ಪರಿಷತ್ತಿಗೆ ಆಯ್ಕೆಯಾದರು. 2023ರಲ್ಲಿ ಎನ್.ಎಸ್. ಬೋಸರಾಜು ಯಾವ ಸದನದ ಸದಸ್ಯರೂ ಆಗಿರದೆ ಪ್ರಮಾಣ ಸ್ವೀಕರಿಸಿ, ಜೂನ್‌ನಲ್ಲಿ ಪರಿಷತ್ತಿಗೆ ಬಂದರು.

ಗಡುವು ಮುಗಿಯುವ ಹಿಂದಿನ ದಿನ ರಾಜೀನಾಮೆ ಕೊಟ್ಟು, ಮರುದಿನ ಮತ್ತೆ ಪ್ರಮಾಣ ಮಾಡಿ ಇನ್ನೊಂದು ಆರು ತಿಂಗಳು ತಳ್ಳಬಹುದೇ? ಪಂಜಾಬಿನಲ್ಲಿ ಇಂಥದ್ದೊಂದು ಪ್ರಯತ್ನ ನಡೆದಿತ್ತು. ಗೆದ್ದು ಬರದೆ ಅದೇ ವಿಧಾನಸಭೆಯ ಅವಧಿಯಲ್ಲಿ ಮತ್ತೆ ನೇಮಿಸುವಂತಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು.

ಪಕ್ಷ ಬಿಟ್ಟು ಬಂದು ಅನರ್ಹರಾದವರಿಗೆ?

91ನೇ ತಿದ್ದುಪಡಿಯ ಇನ್ನೊಂದು ಭಾಗ ಇದೇ. ಪಕ್ಷಾಂತರದ ಕಾರಣಕ್ಕೆ ಅನರ್ಹಗೊಂಡವರು ಮತ್ತೆ ಚುನಾಯಿತರಾಗುವವರೆಗೆ, ಅಥವಾ ಅವರ ಮೂಲ ಅವಧಿ ಮುಗಿಯುವವರೆಗೆ, ಮಂತ್ರಿಯಾಗುವಂತಿಲ್ಲ. 2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಬಿಟ್ಟು ಅನರ್ಹಗೊಂಡ ಶಾಸಕರಲ್ಲಿ ಡಿಸೆಂಬರ್‌ನ ಉಪಚುನಾವಣೆ ಗೆದ್ದ 10 ಮಂದಿ 2020ರ ಫೆಬ್ರುವರಿ 6ರಂದು ಮಂತ್ರಿಗಳಾದದ್ದು ಈ ನಿಯಮದ ಪ್ರಕಾರವೇ.

ಸೋತವರ ಕಥೆ ಇನ್ನೂ ಸ್ವಾರಸ್ಯಕರ. ಹೊಸಕೋಟೆಯಲ್ಲಿ ಸೋತ ಎಂ.ಟಿ.ಬಿ. ನಾಗರಾಜ್ ಪರಿಷತ್ತಿಗೆ ಚುನಾವಣೆಯ ಮೂಲಕ ಬಂದರು. ಹುಣಸೂರಿನಲ್ಲಿ ಸೋತ ಎ.ಎಚ್. ವಿಶ್ವನಾಥ್ ಅವರನ್ನು ಪರಿಷತ್ತಿಗೆ ನಾಮನಿರ್ದೇಶನ ಮಾಡಲಾಯಿತು. ಇಬ್ಬರೂ ಹೋದದ್ದು ಒಂದೇ ಸದನಕ್ಕೆ, ಆದರೆ ನಾಮನಿರ್ದೇಶನ ಎಂದರೆ ಚುನಾಯಿತರಾದಂತೆ ಅಲ್ಲ ಎಂದು ಹೈಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ನಾಗರಾಜ್ 2021ರ ಜನವರಿಯಲ್ಲಿ ಮಂತ್ರಿಯಾದರು, ವಿಶ್ವನಾಥ್ ಆಗಲಿಲ್ಲ.

ಕನಿಷ್ಠ 12 ಮಂದಿ ಎಂದಿದ್ದರೆ ಮುಖ್ಯಮಂತ್ರಿ ಒಬ್ಬರೇ ಹೇಗೆ ಸರ್ಕಾರ ನಡೆಸುತ್ತಾರೆ?

ಆ 12 ಎಷ್ಟು ದಿನದೊಳಗೆ ಭರ್ತಿಯಾಗಬೇಕು ಎಂದು ಸಂವಿಧಾನ ಹೇಳಿಲ್ಲ. ಈ ಕಿಂಡಿಯನ್ನು ಎಲ್ಲ ಪಕ್ಷಗಳೂ ಬಳಸಿಕೊಂಡಿವೆ. 2019ರ ಜುಲೈ 26ರಂದು ಯಡಿಯೂರಪ್ಪ ಒಬ್ಬರೇ ಪ್ರಮಾಣ ಸ್ವೀಕರಿಸಿದರು. ಉಳಿದ 17 ಮಂದಿ ಬಂದದ್ದು ಆಗಸ್ಟ್ 20ಕ್ಕೆ. ಆ ನಡುವೆಯೇ ಉತ್ತರ ಕರ್ನಾಟಕ, ಮಲೆನಾಡು, ಕೊಡಗಿನಲ್ಲಿ ಭಾರೀ ನೆರೆ ಬಂತು. ಕಂದಾಯ ಮಂತ್ರಿ ಇಲ್ಲ, ಯಾವ ಜಿಲ್ಲೆಗೂ ಉಸ್ತುವಾರಿ ಸಚಿವರಿಲ್ಲ. ಮುಖ್ಯಮಂತ್ರಿ ಒಬ್ಬರೇ ಊರೂರು ಸುತ್ತಿದರು. ತೆಲಂಗಾಣದಲ್ಲಿ 2018ರ ಡಿಸೆಂಬರ್‌ನಲ್ಲಿ ಕೆ. ಚಂದ್ರಶೇಖರ ರಾವ್ ಒಬ್ಬ ಮಂತ್ರಿಯ ಜತೆ ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆದರು. ಮಹಾರಾಷ್ಟ್ರದಲ್ಲಿ 2022ರ ಜೂನ್ 30ರಿಂದ ಆಗಸ್ಟ್ 9ರವರೆಗೆ ಇದ್ದದ್ದು ಇಬ್ಬರ ಸರ್ಕಾರ.

ಕಾನೂನಿನಲ್ಲಿ ಗಡುವು ಇಲ್ಲದಿರುವುದು ಸಣ್ಣ ಲೋಪವಲ್ಲ. ತಿಂಗಳುಗಟ್ಟಲೆ ಸಂಪುಟವೇ ಇಲ್ಲದೆ ನಡೆಯುವ ಆಡಳಿತವನ್ನು ಸಂಪುಟ ಸರ್ಕಾರ ಎನ್ನುವುದು ಕಷ್ಟ.

ಉಪಮುಖ್ಯಮಂತ್ರಿಗೆ ಏನು ಅಧಿಕಾರ?

ಆ ಹೆಸರಿನಿಂದ ಹೆಚ್ಚುವರಿಯಾಗಿ ಏನೂ ಇಲ್ಲ. ಸಂವಿಧಾನದಲ್ಲಿ ಈ ಹುದ್ದೆಯ ಪ್ರಸ್ತಾಪವೇ ಇಲ್ಲ. ಕಾನೂನಿನ ಕಣ್ಣಿಗೆ ಅವರು ಇತರರಂತೆ ಒಬ್ಬ ಮಂತ್ರಿ. ಈ ನೇಮಕವನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಇದೇ ಕಾರಣ ಕೊಟ್ಟು ವಜಾ ಮಾಡಿತು.

ಆದರೂ ಕರ್ನಾಟಕದಲ್ಲಿ ಈ ಹುದ್ದೆಗೆ ತೂಕ ಇದೆ. ವೀರಪ್ಪ ಮೊಯಿಲಿ ಸಂಪುಟದಲ್ಲಿ ಎಸ್.ಎಂ. ಕೃಷ್ಣ, ಎಚ್.ಡಿ. ದೇವೇಗೌಡರ ಸಂಪುಟದಲ್ಲಿ ಜೆ.ಎಚ್. ಪಟೇಲ್, ಪಟೇಲರ ಸಂಪುಟದಲ್ಲಿ ಸಿದ್ದರಾಮಯ್ಯ ಉಪಮುಖ್ಯಮಂತ್ರಿಗಳಾಗಿದ್ದರು. ಮೂವರೂ ಮುಂದೆ ಮುಖ್ಯಮಂತ್ರಿಗಳಾದರು. ಧರ್ಮಸಿಂಗ್ ಸರ್ಕಾರದಲ್ಲೂ ಸಿದ್ದರಾಮಯ್ಯ ಆ ಸ್ಥಾನದಲ್ಲಿದ್ದರು, ಕುಮಾರಸ್ವಾಮಿ ಅವರ ಮೊದಲ ಸರ್ಕಾರದಲ್ಲಿ ಯಡಿಯೂರಪ್ಪ. ಒಬ್ಬರಿದ್ದರೆ ಅದು ಉತ್ತರಾಧಿಕಾರದ ಸೂಚನೆ. ಮೂವರಾದರೆ? 2019ರಲ್ಲಿ ಗೋವಿಂದ ಕಾರಜೋಳ, ಸಿ.ಎನ್. ಅಶ್ವತ್ಥನಾರಾಯಣ, ಲಕ್ಷ್ಮಣ ಸವದಿ ಮೂವರಿಗೂ ಆ ಪಟ್ಟ ಸಿಕ್ಕಿತು. ದಲಿತ, ಒಕ್ಕಲಿಗ, ಲಿಂಗಾಯತ ಎಂದು ಪತ್ರಿಕೆಗಳು ತಕ್ಷಣ ಓದಿಕೊಂಡವು. ಹಂಚಿದಷ್ಟೂ ಪಟ್ಟದ ಬೆಲೆ ಇಳಿಯಿತು. 2021ರಲ್ಲಿ ಬಸವರಾಜ ಬೊಮ್ಮಾಯಿ ಸಂಪುಟದಲ್ಲಿ ಆ ಹುದ್ದೆಯೇ ಇರಲಿಲ್ಲ.

ಸಂಪುಟದಲ್ಲಿ ಜಾತಿ, ಜಿಲ್ಲೆಗೆ ಮೀಸಲಾತಿ ಇದೆಯೇ? ನಮ್ಮ ಜಿಲ್ಲೆಗೆ ಯಾಕೆ ಮಂತ್ರಿಯೇ ಇಲ್ಲ?

ಕರ್ನಾಟಕಕ್ಕೆ ಅಂಥ ನಿಯಮ ಒಂದೂ ಇಲ್ಲ. ಆದರೆ ಪಟ್ಟಿ ಮಾಡಲು ಕೂತವರ ಮುಂದೆ ಮೊದಲು ಇರುವುದೇ ಈ ಲೆಕ್ಕ. ಲಿಂಗಾಯತರಲ್ಲಿ ಯಾವ ಒಳಪಂಗಡ, ಪರಿಶಿಷ್ಟರಲ್ಲಿ ಎಡಗೈ ಎಷ್ಟು, ಬಲಗೈ ಎಷ್ಟು, ವಾಲ್ಮೀಕಿ ನಾಯಕರಿಗೆ ಎಷ್ಟು, ಕುರುಬರಿಗೆ, ಮುಸ್ಲಿಮರಿಗೆ, ಕ್ರೈಸ್ತರಿಗೆ, ಸಣ್ಣ ಹಿಂದುಳಿದ ಜಾತಿಗಳಿಗೆ ಎಷ್ಟು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಅದರ ಮೇಲೆ ಹಳೆ ಮೈಸೂರು, ಕಿತ್ತೂರು ಕರ್ನಾಟಕ, ಕಲ್ಯಾಣ ಕರ್ನಾಟಕ, ಕರಾವಳಿ. ಅದರ ಮೇಲೆ ಬಣಗಳು: ಯಾರ ಕಡೆಯವರು ಎಷ್ಟು ಮಂದಿ. 2023ರ ಮೇ 20ರಂದು ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣ ಸ್ವೀಕರಿಸಿದ ಮೊದಲ ಎಂಟು ಮಂತ್ರಿಗಳನ್ನೇ ನೋಡಿ. ಜಿ. ಪರಮೇಶ್ವರ, ಕೆ.ಎಚ್. ಮುನಿಯಪ್ಪ, ಪ್ರಿಯಾಂಕ್ ಖರ್ಗೆ, ಸತೀಶ ಜಾರಕಿಹೊಳಿ, ಎಂ.ಬಿ. ಪಾಟೀಲ, ರಾಮಲಿಂಗಾ ರೆಡ್ಡಿ, ಕೆ.ಜೆ. ಜಾರ್ಜ್, ಜಮೀರ್ ಅಹಮದ್ ಖಾನ್. ರಾಜ್ಯ ರಾಜಕಾರಣ ಬಲ್ಲ ಯಾರಿಗಾದರೂ ಈ ಪಟ್ಟಿ ಯಾಕೆ ಹೀಗಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ತೂಗಿ ನೋಡಿದರೂ ತಕ್ಕಡಿ ಒಂದು ಕಡೆ ಸದಾ ಮೇಲೆಯೇ ಇರುತ್ತದೆ. ಆ 34ರ ಸಂಪುಟದಲ್ಲಿ ಲಕ್ಷ್ಮಿ ಹೆಬ್ಬಾಳ್ಕರ್ ಒಬ್ಬರೇ ಮಹಿಳೆ. ಜಾತಿಯ ಲೆಕ್ಕ ತಪ್ಪಿದರೆ ಮಠಗಳಿಂದ, ಸಮುದಾಯದ ಸಂಘಗಳಿಂದ ಫೋನ್ ಬರುತ್ತದೆ. ಹೆಂಗಸರ ಲೆಕ್ಕ ತಪ್ಪಿದರೆ ಬೀದಿಗಿಳಿದು ಕೇಳುವವರು ಕಡಿಮೆ.

31 ಜಿಲ್ಲೆಗಳಿವೆ, 34 ಸ್ಥಾನಗಳಿವೆ, ಜಿಲ್ಲೆಗೊಬ್ಬರು ಸಿಗಬಹುದಲ್ಲ ಅನಿಸಬಹುದು. ಬೆಂಗಳೂರು, ಬೆಳಗಾವಿಯಂಥ ದೊಡ್ಡ ಜಿಲ್ಲೆಗಳಿಗೆ ಒಂದಕ್ಕಿಂತ ಹೆಚ್ಚು ಹೋಗುವುದರಿಂದ ಸಣ್ಣ ಜಿಲ್ಲೆಗಳು ಉಪವಾಸ ಬೀಳುತ್ತವೆ. 2023ರಲ್ಲಿ ಕೊಡಗಿನ ಎರಡೂ ಕ್ಷೇತ್ರಗಳನ್ನು ಕಾಂಗ್ರೆಸ್ ಗೆದ್ದರೂ ಅಲ್ಲಿಂದ ಯಾರೂ ಮಂತ್ರಿಯಾಗಲಿಲ್ಲ. ವಿರಾಜಪೇಟೆಯ ಎ.ಎಸ್. ಪೊನ್ನಣ್ಣ ಮುಖ್ಯಮಂತ್ರಿಗಳ ಕಾನೂನು ಸಲಹೆಗಾರರಾದರು. ಹಾವೇರಿಯ ರುದ್ರಪ್ಪ ಲಮಾಣಿ ಉಪಸಭಾಧ್ಯಕ್ಷರಾದರು. ಸಮಾಧಾನಪಡಿಸುವ ಸ್ಥಾನಗಳೂ ಸಂಪುಟದ ಲೆಕ್ಕದ ಭಾಗವೇ.

ಜಿಲ್ಲಾ ಉಸ್ತುವಾರಿ ಸಚಿವರು ಬೇರೆ ಜಿಲ್ಲೆಯವರಾಗಿರುವುದು ಯಾಕೆ?

ಜಿಲ್ಲೆಯಲ್ಲಿ ಮಂತ್ರಿ ಇಲ್ಲದಿರಬಹುದು, ಅಥವಾ ಇಬ್ಬರಿದ್ದು ಇಬ್ಬರಿಗೂ ಬೇಕಾಗಿರಬಹುದು. ಉಸ್ತುವಾರಿ ಹೊಣೆ ಸಂವಿಧಾನದಿಂದ ಬಂದದ್ದಲ್ಲ, ಸರ್ಕಾರಿ ಆದೇಶದಿಂದ ಬಂದದ್ದು. ಮುಖ್ಯಮಂತ್ರಿ ಯಾವಾಗ ಬೇಕಾದರೂ ಬದಲಿಸಬಹುದು. 2023ರಲ್ಲಿ ಬೆಳಗಾವಿಯ ಲಕ್ಷ್ಮಿ ಹೆಬ್ಬಾಳ್ಕರ್‌ಗೆ ಉಡುಪಿ ಬಂತು, ಬೆಂಗಳೂರಿನ ದಿನೇಶ್ ಗುಂಡೂರಾವ್‌ಗೆ ದಕ್ಷಿಣ ಕನ್ನಡ, ರಾಯಚೂರಿನ ಬೋಸರಾಜುಗೆ ಕೊಡಗು. ಕೆಡಿಪಿ ಸಭೆ (ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನೆ) ನಡೆಸುವುದು, ಆಗಸ್ಟ್ 15ಕ್ಕೆ ಜಿಲ್ಲಾ ಕೇಂದ್ರದಲ್ಲಿ ಧ್ವಜ ಹಾರಿಸುವುದು ಕಣ್ಣಿಗೆ ಕಾಣುವ ಕೆಲಸ. ಅಧಿಕಾರಿಗಳ ವರ್ಗಾವಣೆಯಲ್ಲಿ ಅವರ ಮಾತು ನಡೆಯುತ್ತದೆ ಎನ್ನುವುದೇ ಈ ಹೊಣೆಗೆ ಪೈಪೋಟಿ ಇರಲು ಕಾರಣ.

ಸಂಪುಟ ದರ್ಜೆ, ರಾಜ್ಯ ದರ್ಜೆ, ಸ್ವತಂತ್ರ ನಿರ್ವಹಣೆ ಅಂದರೇನು?

ಸಂಪುಟ ದರ್ಜೆಯ ಸಚಿವರು ಸಂಪುಟ ಸಭೆಯಲ್ಲಿ ಹಕ್ಕಿನಿಂದ ಕೂರುತ್ತಾರೆ. ರಾಜ್ಯ ಸಚಿವರು ಅವರ ಕೈಕೆಳಗೆ. ಸ್ವತಂತ್ರ ನಿರ್ವಹಣೆ ಇದ್ದರೆ ಇಲಾಖೆ ಪೂರ್ತಿ ಅವರದೇ, ಆದರೆ ಸಭೆಗೆ ಅವರ ವಿಷಯ ಬಂದಾಗ ಕರೆದರೆ ಹೋಗಬೇಕು. ಶೇ. 15ರ ಮಿತಿ ಎಲ್ಲ ದರ್ಜೆಯವರಿಗೂ ಸೇರಿ ಅನ್ವಯಿಸುತ್ತದೆ. 2023ರಲ್ಲಿ ಎಲ್ಲರಿಗೂ ಸಂಪುಟ ದರ್ಜೆಯನ್ನೇ ಕೊಡಲಾಯಿತು.

ನಿಗಮದ ಅಧ್ಯಕ್ಷರಿಗೂ 'ಸಂಪುಟ ದರ್ಜೆ' ಇರುತ್ತದಲ್ಲ, ಅವರು ಮಂತ್ರಿಗಳೇ?

ಅಲ್ಲ. ಅದು ಸ್ಥಾನಮಾನ ಮಾತ್ರ. ಕಾರು, ಕಚೇರಿ, ಸಿಬ್ಬಂದಿ, ಭತ್ಯೆ ಸಿಗುತ್ತವೆ. ಪ್ರಮಾಣವಚನ ಇಲ್ಲ, ಇಲಾಖೆ ಇಲ್ಲ, ಸಂಪುಟದ ಕಡತ ನೋಡುವ ಹಕ್ಕೂ ಇಲ್ಲ. 34ರ ಮಿತಿ ಬಂದಮೇಲೆ ನಿಗಮ-ಮಂಡಳಿಗಳ ಬೆಲೆ ಏರಿತು. 2024ರ ಜನವರಿಯಲ್ಲಿ ಹಲವು ಶಾಸಕರಿಗೆ ಒಂದೇ ಕಂತಿನಲ್ಲಿ ಅಧ್ಯಕ್ಷಗಿರಿ ಸಿಕ್ಕಿತು. ಹಿರಿಯ ಶಾಸಕ ಬಸವರಾಜ ರಾಯರೆಡ್ಡಿ ಅವರು ಮುಖ್ಯಮಂತ್ರಿಗಳ ಆರ್ಥಿಕ ಸಲಹೆಗಾರರಾದರು, ಅದಕ್ಕೂ ಸಂಪುಟ ದರ್ಜೆ. ಮಂತ್ರಿಗಳಿಗೆ ನೆರವಾಗಲು ಶಾಸಕರನ್ನೇ ಸಂಸದೀಯ ಕಾರ್ಯದರ್ಶಿಗಳಾಗಿ ನೇಮಿಸುವ ಹಳೆಯ ದಾರಿ ಮಾತ್ರ ಈಗ ಕಷ್ಟ. ಅಸ್ಸಾಂ ಪ್ರಕರಣದಲ್ಲಿ ಅಂಥ ಹುದ್ದೆ ಸೃಷ್ಟಿಸುವ ಕಾಯ್ದೆಯನ್ನೇ ಸುಪ್ರೀಂ ಕೋರ್ಟ್ 2017ರಲ್ಲಿ ರದ್ದು ಮಾಡಿತು.

ಸಂಖ್ಯೆಗೆ ಕಡಿವಾಣ ಬಿತ್ತು, ಖರ್ಚಿಗೆ ಬಿದ್ದಿಲ್ಲ.

ಖಾತೆ ಹಂಚುವವರು ಯಾರು?

ಮುಖ್ಯಮಂತ್ರಿ ಪಟ್ಟಿ ಕಳಿಸುತ್ತಾರೆ, ರಾಜ್ಯಪಾಲರ ಹೆಸರಿನಲ್ಲಿ ಅಧಿಸೂಚನೆ ಹೊರಡುತ್ತದೆ. ಯಾವ ಇಲಾಖೆಗೆ ಯಾವ ವಿಷಯ ಎಂಬುದು 1977ರ ಕರ್ನಾಟಕ ಸರ್ಕಾರದ ಕಾರ್ಯಹಂಚಿಕೆ ನಿಯಮಗಳಲ್ಲಿದೆ. ಕರ್ನಾಟಕದಲ್ಲಿ ಮುಖ್ಯಮಂತ್ರಿಗಳು ಹಣಕಾಸು, ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ, ಗುಪ್ತಚರವನ್ನು ಹೆಚ್ಚಾಗಿ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಹಣ, ಅಧಿಕಾರಿಗಳ ವರ್ಗಾವಣೆ, ಸುದ್ದಿ ಮೂರೂ ಒಂದೇ ಕೈಯಲ್ಲಿ! ಹಣಕಾಸು ಖಾತೆಯ ನಂಟಿನಿಂದಲೇ ಸಿದ್ದರಾಮಯ್ಯ 2025ರ ಮಾರ್ಚ್‌ನಲ್ಲಿ ತಮ್ಮ 16ನೇ ಬಜೆಟ್ ಮಂಡಿಸಿದ್ದು.

ಮಂತ್ರಿಯಾದಮೇಲೆ ಖಾತೆ ಕ್ಯಾತೆ ಶುರು. ನೀರಾವರಿ, ಲೋಕೋಪಯೋಗಿ, ಇಂಧನ, ಕಂದಾಯ, ಬೆಂಗಳೂರು ಅಭಿವೃದ್ಧಿ ಇದ್ದರೆ ನಗು. ಸಣ್ಣ ಅನುದಾನದ ಇಲಾಖೆ ಸಿಕ್ಕರೆ ಮುನಿಸು. 2018ರ ಮೈತ್ರಿ ಸರ್ಕಾರದಲ್ಲಿ ಕಾಂಗ್ರೆಸ್‌ಗೆ 22, ಜೆಡಿಎಸ್‌ಗೆ 12 ಸ್ಥಾನ ಎಂದು ಒಪ್ಪಂದವಾಗಿತ್ತು. ಗೃಹ ಕಾಂಗ್ರೆಸ್‌ಗೆ ಹೋಯಿತು, ಹಣಕಾಸು ಜೆಡಿಎಸ್‌ನಲ್ಲಿ ಉಳಿಯಿತು. ಚಾಮುಂಡೇಶ್ವರಿಯಲ್ಲಿ ಸಿದ್ದರಾಮಯ್ಯ ಅವರನ್ನೇ ಸೋಲಿಸಿದ್ದ ಜಿ.ಟಿ. ದೇವೇಗೌಡರಿಗೆ ಉನ್ನತ ಶಿಕ್ಷಣ ಸಿಕ್ಕಾಗ ಅವರೇ ಅಸಮಾಧಾನಗೊಂಡರು. ಅವರ ಓದು ಎಂಟನೇ ತರಗತಿವರೆಗೆ ಎಂಬುದು ಆಗ ದೊಡ್ಡ ಸುದ್ದಿ. ಮಂತ್ರಿಗೆ ಶೈಕ್ಷಣಿಕ ಅರ್ಹತೆ ಬೇಕೆಂದು ಎಲ್ಲೂ ಬರೆದಿಲ್ಲ. 2021ರ ಜನವರಿಯಲ್ಲಂತೂ ಹಂಚಿಕೆಯಾದ ಖಾತೆಗಳು ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ಅದಲುಬದಲಾದವು.

ಪ್ರಮಾಣವಚನವನ್ನು ಯಾರ ಹೆಸರಿನಲ್ಲಿ ಬೇಕಾದರೂ ಮಾಡಬಹುದೇ?

ಸಂವಿಧಾನದ ಮೂರನೇ ಅನುಸೂಚಿ ಕೊಟ್ಟಿರುವುದು ಎರಡೇ ಆಯ್ಕೆ: ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಣ. ನಮ್ಮಲ್ಲಿ ಬುದ್ಧ, ಬಸವ, ಅಂಬೇಡ್ಕರ್, ಗುರು, ಮನೆದೇವರು ಎಲ್ಲರೂ ಬಂದುಹೋಗುತ್ತಾರೆ. ಅಧಿಕಾರದ ಪ್ರಮಾಣ ಒಂದು, ಗೋಪ್ಯತೆಯ ಪ್ರಮಾಣ ಇನ್ನೊಂದು. ಎರಡನೆಯದನ್ನು ಸಂಪುಟ ಸಭೆ ಮುಗಿಯುವ ಮೊದಲೇ ಸುದ್ದಿವಾಹಿನಿಗಳಲ್ಲಿ ಓಡುವ ಪಟ್ಟಿಗಳ ಜತೆ ಹೋಲಿಸಿ ನೋಡಬೇಡಿ.

ಮಂತ್ರಿಯನ್ನು ತೆಗೆಯುವ ಅಧಿಕಾರ ಯಾರದು?

'ರಾಜ್ಯಪಾಲರ ಇಚ್ಛೆ ಇರುವವರೆಗೆ' ಎಂದು ಸಂವಿಧಾನ ಹೇಳುತ್ತದೆ. ಆ ಇಚ್ಛೆ ಮುಖ್ಯಮಂತ್ರಿಯ ಸಲಹೆಯಂತೆ ನಡೆಯಬೇಕು. ತಮಿಳುನಾಡಿನ ರಾಜ್ಯಪಾಲ ಆರ್.ಎನ್. ರವಿ 2023ರ ಜೂನ್ 29ರಂದು ಮುಖ್ಯಮಂತ್ರಿಯ ಸಲಹೆ ಇಲ್ಲದೆಯೇ ಸಚಿವ ಸೆಂಥಿಲ್ ಬಾಲಾಜಿ ಅವರನ್ನು ವಜಾ ಮಾಡಿ, ಅದೇ ರಾತ್ರಿ ಆ ಆದೇಶವನ್ನು ತಡೆಹಿಡಿದರು.

ಕರ್ನಾಟಕದಲ್ಲಿ ರೂಢಿ ರಾಜೀನಾಮೆ ಕೇಳಿ ಪಡೆಯುವುದು. ವಾಲ್ಮೀಕಿ ನಿಗಮದ ಹಣದ ಪ್ರಕರಣದಲ್ಲಿ ಬಿ. ನಾಗೇಂದ್ರ 2024ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಸಹಕಾರ ಸಚಿವ ಕೆ.ಎನ್. ರಾಜಣ್ಣ ಅವರನ್ನು 2025ರ ಆಗಸ್ಟ್‌ನಲ್ಲಿ ಅಧಿಸೂಚನೆಯ ಮೂಲಕವೇ ಸಂಪುಟದಿಂದ ಕೈಬಿಡಲಾಯಿತು, ಅದು ಅಪರೂಪ.

ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರೆ ಉಳಿದ ಮಂತ್ರಿಗಳ ಗತಿ?

ಎಲ್ಲರೂ ಮಾಜಿಗಳು. ಹೊಸ ಮುಖ್ಯಮಂತ್ರಿ ಅದೇ ಪಕ್ಷದವರಾದರೂ ಎಲ್ಲರೂ ಹೊಸದಾಗಿ ಪ್ರಮಾಣ ಸ್ವೀಕರಿಸಬೇಕು. 2021ರ ಜುಲೈ 26ರಂದು ಯಡಿಯೂರಪ್ಪ ರಾಜೀನಾಮೆ ಕೊಟ್ಟರು, 28ಕ್ಕೆ ಬೊಮ್ಮಾಯಿ ಒಬ್ಬರೇ ಬಂದರು, ಆಗಸ್ಟ್ 4ಕ್ಕೆ 29 ಮಂತ್ರಿಗಳು. ಹಳಬರಲ್ಲಿ ಕೆಲವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಸಂಪುಟ ವಿಸ್ತರಣೆಯನ್ನು ಮುಖ್ಯಮಂತ್ರಿಗಳು ಯಾಕೆ ಮುಂದೂಡುತ್ತಲೇ ಇರುತ್ತಾರೆ?

ಖಾಲಿ ಇರುವ ಒಂದು ಸ್ಥಾನಕ್ಕೆ ಹತ್ತು ಮಂದಿ ಕಾಯುತ್ತಿರುತ್ತಾರೆ. ಭರ್ತಿ ಮಾಡಿದ ದಿನ ಒಬ್ಬರಿಗೆ ಖುಷಿ, ಒಂಬತ್ತು ಮಂದಿ ಅತೃಪ್ತರು. ಅದಕ್ಕೇ ಒಂದೆರಡು ಸ್ಥಾನ ಖಾಲಿ ಇಟ್ಟುಕೊಳ್ಳುವುದು ಹಳೆಯ ಉಪಾಯ.

ಭಯಕ್ಕೆ ಕಾರಣವೂ ಇದೆ. 1989ರ ಏಪ್ರಿಲ್ 15ರಂದು ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ 13 ಮಂದಿಯನ್ನು ಸೇರಿಸಿಕೊಂಡು ಸಂಪುಟ ವಿಸ್ತರಿಸಿದರು. ಎರಡೇ ದಿನದಲ್ಲಿ ಜನತಾ ದಳದ ಒಬ್ಬ ಶಾಸಕ ಪಕ್ಷ ಬಿಟ್ಟು, ಬೆಂಬಲ ಹಿಂಪಡೆಯುವ 19 ಪತ್ರಗಳೊಂದಿಗೆ ರಾಜಭವನಕ್ಕೆ ಹೋದರು. ಸಹಿ ಮಾಡಿದವರಲ್ಲಿ ಕೆಲವರು ಆಮೇಲೆ, ನಮಗೆ ತಪ್ಪು ಹೇಳಿ ಸಹಿ ಪಡೆಯಲಾಗಿದೆ, ನಾವು ಸರ್ಕಾರದ ಜತೆಗೇ ಇದ್ದೇವೆ ಎಂದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಡಳಿತ ಬಂತು. ಐದು ವರ್ಷದ ನಂತರ, 1994ರ ಮಾರ್ಚ್ 11ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಎಂದಿತು. ಬೊಮ್ಮಾಯಿ ಅವರ ಸರ್ಕಾರ ಮರಳಿ ಬರಲಿಲ್ಲ. ದೇಶದ ಎಲ್ಲ ರಾಜ್ಯಗಳಲ್ಲೂ ಈಗ ನಡೆಯುವ ವಿಶ್ವಾಸಮತಗಳ ಹಿಂದೆ ಇರುವುದು ಆ ತೀರ್ಪು.

ಸಂಪುಟ ಸಭೆ ಎಲ್ಲಿ, ಯಾವಾಗ?

ಸಾಮಾನ್ಯವಾಗಿ ಗುರುವಾರ, ವಿಧಾನಸೌಧದಲ್ಲಿ. ಆಗಾಗ ಹೊರಗೂ ಹೋಗುತ್ತದೆ: 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ, 2025ರ ಏಪ್ರಿಲ್ 24ರಂದು ಮಲೆ ಮಹದೇಶ್ವರ ಬೆಟ್ಟದಲ್ಲಿ ಸೇರಿತ್ತು. ಮುಖ್ಯ ಕಾರ್ಯದರ್ಶಿ ಸಭೆಯ ದಾಖಲೆ ನೋಡಿಕೊಳ್ಳುತ್ತಾರೆ. ಸಭೆಯ ತೀರ್ಮಾನವನ್ನು ಒಪ್ಪದಿದ್ದರೂ ಸಚಿವರು ಹೊರಗೆ ಬಂದು ವಿರೋಧಿಸುವಂತಿಲ್ಲ. ಹಾಗೆ ಅನಿಸಿದರೆ ರಾಜೀನಾಮೆ ಕೊಡಬೇಕು, ಅದು ಸಾಮೂಹಿಕ ಹೊಣೆ. ಆ ಹೊಣೆ ಇರುವುದು ವಿಧಾನಸಭೆಗೆ ಮಾತ್ರ, ಪರಿಷತ್ತು ಸರ್ಕಾರವನ್ನು ಬೀಳಿಸಲಾರದು.

ಯಾರಿಗೆ ಯಾವ ಖಾತೆ ಎಂದು ಖಚಿತವಾಗಿ ತಿಳಿಯುವುದು ಹೇಗೆ?

ವಾಟ್ಸ್‌ಆ್ಯಪ್‌ನಲ್ಲಿ ಬರುವ ಪಟ್ಟಿ ನಂಬಬೇಡಿ. ಪ್ರತಿ ಸಲವೂ ಅಧಿಸೂಚನೆಗೆ ಮೊದಲೇ ಇಂಥ ಒಂದೆರಡು ಪಟ್ಟಿ ಓಡಾಡುತ್ತವೆ. ರಾಜ್ಯಪಾಲರ ಹೆಸರಿನಲ್ಲಿ ಹೊರಟು ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆಯೇ ಅಧಿಕೃತ. ಖಾತೆ ಬದಲಾದರೆ ತಿದ್ದುಪಡಿ ಅಧಿಸೂಚನೆ ಬರುತ್ತದೆ, ಆದ್ದರಿಂದ ದಿನಾಂಕ ನೋಡಿಕೊಳ್ಳಿ.